ಚೀಟಿಯಲ್ಲಿ ಸೋತ ಮೂವತ್ತು ಮಂದಿ

ಬೀರುವಿನ ಬೀಗ ಭದ್ರವಾಗಿತ್ತು. ಒಳಗಿದ್ದ ಪಟ್ಟಿ ಮಾತ್ರ ಮಾಯ.

ಅಮೆರಿಕದ ಟೊಲಿಡೊ ನಗರದ ಬಡಮಕ್ಕಳನ್ನು ಕಾಲೇಜಿಗೆ ದಾಟಿಸುವ ತರಬೇತಿ ಕೇಂದ್ರ ಅದು. ಆರು ವರ್ಷದ ಹಿಂದೆ ಅರವತ್ತು ಮಕ್ಕಳು ಅರ್ಜಿ ಹಾಕಿದ್ದರು. ಚೀಟಿ ಎತ್ತಿ ಮೂವತ್ತು ಮಂದಿಯನ್ನು ಸೇರಿಸಿಕೊಂಡರು. ಉಳಿದವರ ಹೆಸರು, ವಿಳಾಸ ಪಟ್ಟಿ ಮಾಡಿ ಬೀರುವಿನಲ್ಲಿಟ್ಟು, ಅವರನ್ನು ವಾಪಸ್ಸು ಕಳಿಸಿದರು. ಮುಂದೆ ಎರಡೂ ಗುಂಪನ್ನು ಹೋಲಿಸಿ, ತರಬೇತಿಯಿಂದ ಲಾಭವಾಯಿತೇ ಎಂದು ನೋಡುವ ಲೆಕ್ಕಾಚಾರ. ಈಗ ವರದಿ ಬಂದಿತ್ತು. ಗೆದ್ದವರಲ್ಲಿ ಇಪ್ಪತ್ತೊಂದು ಮಂದಿ ಕಾಲೇಜು ಸೇರಿದ್ದರು, ಸೋತವರಲ್ಲಿ ಇಪ್ಪತ್ತು. ಕೇಂದ್ರ ಇದ್ದರೂ ಒಂದೇ, ಬಿಟ್ಟರೂ ಒಂದೇ. ಶುಕ್ರವಾರ ಅದನ್ನು ಮುಚ್ಚುವವರಿದ್ದರು.

ವರದಿಯನ್ನು ತಾಳೆ ನೋಡಲು ಬಂದವಳು ಇರ್ಮಾ ಕೋಸ್ಟ್ಕಾ. ಗಂಡ ತೀರಿಕೊಂಡ ಮೇಲೆ ಅಂಕಿಗಳೇ ಅವಳ ಸಂಸಾರ. ಮಧ್ಯಾಹ್ನದ ಊಟವೂ ಕಾರಿನಲ್ಲೇ, ಒಬ್ಬಳೇ.

"ನನ್ ಮೇಲೆ ಅನುಮಾನಾನಾ ಮೇಡಂ?" ಕೇಂದ್ರದ ಮುಖ್ಯಸ್ಥ ವೀಮ್ಸ್ ಬೆವರುತ್ತಿದ್ದ.

"ಬೀಗದ ಕೈ ಯಾರ್ಯಾರ ಹತ್ರ ಇದೆ?"

"ನನ್ ಹತ್ರ ಒಂದು. ಪಾಠ ಮಾಡೋ ಮಿಸ್ ವರ್ಲೀನ್ ಹತ್ರ ಒಂದು. ಪಾಪ, ಎಪ್ಪತ್ತರ ಒಂಟಿ ಜೀವ. ಅವ್ರನ್ನ ಬಿಟ್ಬಿಡಿ."

ಪಟ್ಟಿ ಕಳೆದರೆ ವರದಿಯ ಮೇಲೆ ಸಂಶಯ ಎಬ್ಬಿಸಬಹುದು. ವೀಮ್ಸ್‌ಗೆ ಕದಿಯಲು ಕಾರಣವಿತ್ತು. ಆದರೆ ಪಟ್ಟಿಯ ನಕಲು ವರದಿ ಬರೆದವರ ಹತ್ತಿರ ಇದೆ, ಕದ್ದು ಲಾಭವಿಲ್ಲ ಎಂದು ಅವನಿಗೂ ಗೊತ್ತಿತ್ತು. ಇರ್ಮಾ ಬೀರುವಿನ ಹಲಗೆ ಸವರಿದಳು. ಪಟ್ಟಿ ಇರಬೇಕಾದ ಜಾಗದಲ್ಲೂ ಧೂಳು ಒಂದೇ ಸಮ ಕೂತಿತ್ತು. ಕಳ್ಳತನ ನಿನ್ನೆಯದಲ್ಲ, ವರ್ಷಗಳ ಹಿಂದಿನದು.

*

ಅವಳು ನಕಲು ತರಿಸಿಕೊಂಡು ಸೋತವರಲ್ಲಿ ಮೂವರಿಗೆ ಫೋನ್ ಮಾಡಿದಳು.

"ನಿಂಗೆ ಕಾಲೇಜಿನ ಅರ್ಜಿ ತುಂಬೋಕೆ ಯಾರು ಹೇಳ್ಕೊಟ್ರು?"

"ಅಯ್ಯೋ, ಇಷ್ಟು ವರ್ಷ ಯಾರೂ ಇದನ್ನ ಕೇಳ್ಲೇ ಇಲ್ಲ! ಕಾಲೇಜು ಸೇರಿದ್ಯಾ ಅಂತಷ್ಟೇ ಕೇಳೋರು. ಶನಿವಾರ ಬೆಳಿಗ್ಗೆ, ಪ್ಯಾನ್‌ಕೇಕ್ ಮನೇಲಿ! ಪಾಠದ ಜೊತೆ ಪ್ಯಾನ್‌ಕೇಕ್ ತಿಂಡೀನೂ ಕೊಡ್ತಿದ್ರು, ಅದಕ್ಕೇ ಆ ಹೆಸರು."

ಉಳಿದಿಬ್ಬರೂ ಅದೇ ಮನೆಯ ವಿಳಾಸ ಹೇಳಿದರು.

*

ಬಾಗಿಲು ತೆಗೆದವರು ಮಿಸ್ ವರ್ಲೀನ್. ಅಡುಗೆಮನೆಯ ಗೋಡೆಗೆ ಮಡಚುವ ಕುರ್ಚಿಗಳನ್ನು ಒರಗಿಸಿಟ್ಟಿದ್ದರು. ಇರ್ಮಾ ಎಣಿಸಿದಳು. ಹದಿನಾರು.

"ಒಬ್ರೇ ಇರೋ ಮನೆಗೆ ಇಷ್ಟೊಂದು ಕುರ್ಚಿ ಯಾಕಮ್ಮ?"

ಮುದುಕಿ ಒಂದು ಕುರ್ಚಿ ಬಿಚ್ಚಿ ಕೂತರು. "ಪಟ್ಟಿ ನಾನೇ ತಗೊಂಡೆ. ಚೀಟಿ ಎತ್ತಿದ ಸಂಜೆ ಒಂದು ಹುಡುಗಿ ಮೆಟ್ಟಿಲ ಮೇಲೆ ಕೂತು ಅಳ್ತಿದ್ಲು. ಸೋತೋರಿಗೆ ಪಾಠ ಮಾಡಲ್ಲ ಅಂತ ನಾವೆಲ್ಲ ಸಹಿ ಹಾಕಿದ್ವಿ. ನನ್ ಕೈಲಿ ಆಗ್ಲಿಲ್ಲ. ಪಟ್ಟಿ ನೋಡಿ ಅವ್ರನ್ನೆಲ್ಲ ಶನಿವಾರ ಮನೆಗೆ ಕರೆದೆ."

"ಇಂಥ ಬೀದಿಗಳಲ್ಲಿ ಮೂವತ್ತರಲ್ಲಿ ಒಂಬತ್ತು ಮಕ್ಕಳು ಕಾಲೇಜಿಗೆ ಹೋದ್ರೆ ಹೆಚ್ಚು. ನಿಮ್ಮ ಸೋತೋರಲ್ಲಿ ಇಪ್ಪತ್ತು ಮಂದಿ ಹೋದ್ರು. ನಂಗೆ ಅನುಮಾನ ಬಂದಿದ್ದೇ ಅಲ್ಲಿ. ವರದಿ ಬರೆದೋರು ಪಾಠ ಕಲಿತೋರನ್ನ ಪಾಠ ಕಲಿತೋರ ಜೊತೆಗೇ ಹೋಲಿಸಿದಾರೆ. ವ್ಯತ್ಯಾಸ ಎಲ್ಲಿಂದ ಬರ್ಬೇಕು?"

ವರ್ಲೀನ್ ಮುಖ ಬಿಳಿಚಿತು. "ಹಂಗಾದ್ರೆ ಕೇಂದ್ರಾನ ಮುಳುಗಿಸ್ತಿರೋಳು ನಾನೇನಾ?"

ಇರ್ಮಾ ಹೌದೆಂದಳು. ಒಂದು ಕಾಗದ ಮುಂದೆ ಸರಿಸಿದಳು.

"ನಡೆದಿದ್ದನ್ನ ನೀವು ಬರೆದುಕೊಟ್ರೆ ಕೇಂದ್ರ ಉಳಿಯುತ್ತೆ. ಈ ವರ್ಷ ಚೀಟಿ ಎತ್ತಿದ ಮಕ್ಕಳನ್ನ ಹೊಸದಾಗಿ ಎಣಿಸ್ತಾರೆ. ಆದ್ರೆ ಲೆಕ್ಕ ಶುದ್ಧ ಇರ್ಬೇಕು. ಈ ಸಲ ಸೋತೋರಿಗೆ ನೀವು ಬಾಗಿಲು ತೆಗೀಬಾರ್ದು."

ವರ್ಲೀನ್ ಎದ್ದು, ತಾವು ಕೂತಿದ್ದ ಕುರ್ಚಿ ಮಡಚಿ ಗೋಡೆಗೆ ಒರಗಿಸಿದರು. ಆಮೇಲೆ ಪೆನ್ನು ಕೇಳಿದರು.

*

ಕೇಂದ್ರ ಉಳಿಯಿತು. ಶನಿವಾರ ಬೆಳಿಗ್ಗೆ ಇರ್ಮಾ ಸುಮ್ಮನಿರಲಾರದೆ ಆ ಬೀದಿಗೆ ಕಾರು ತಂದಳು. ವರ್ಲೀನ್ ಮನೆಯ ಮೆಟ್ಟಿಲ ಮೇಲೆ ಈ ಸಲ ಸೋತ ಐದು ಮಕ್ಕಳು ಪುಸ್ತಕ ಹಿಡಿದು, ಚಳಿಗೆ ಕಾಲು ಕುಟ್ಟುತ್ತ ನಿಂತಿದ್ದರು. ಒಬ್ಬಳು ಗಂಟೆ ಒತ್ತಿದಳು. ಮತ್ತೊಮ್ಮೆ ಒತ್ತಿದಳು.

ಕಿಟಕಿಯ ಪರದೆಯ ಹಿಂದೆ ವರ್ಲೀನ್ ನಿಂತಿರುವುದು ಇರ್ಮಾಗೆ ಕಾಣುತ್ತಿತ್ತು. ತನ್ನ ಲೆಕ್ಕ ಸರಿ, ಒಂದಂಕಿಯೂ ತಪ್ಪಿಲ್ಲ ಎಂದು ಅವಳಿಗೆ ಗೊತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಆ ಸರಿಯಾದ ಲೆಕ್ಕದ ಮೇಲೆ ಅವಳಿಗೆ ಅಸಹ್ಯವಾಯಿತು.

ಮಕ್ಕಳು ಇಳಿದು ಹೋದರು. ಬಾಗಿಲು ತೆಗೆಯಲಿಲ್ಲ.