ನಟ್ಟಿನ ಮೇಲಿನ ಗಂಧ

ಮೂವತ್ತು ಅಡಿ ಎತ್ತರದಲ್ಲಿ ಎಂಜಿನ್ ನಿಲ್ಲಿಸಿ ಬ್ರೇಕ್ ಒತ್ತಿದೆ.

ಹಿಡಿಯಲಿಲ್ಲ!

ತೆಂಗಿನ ಮರ ಹತ್ತುವ ಯಂತ್ರದ ಸೀಟಿನಲ್ಲಿ ಕೂತಿದ್ದೆ. ಯಂತ್ರ ಜಾರಿತು. ಇನ್ನೊಮ್ಮೆ ಒತ್ತಿದೆ... ಊಹೂಂ. ಲಿವರ್ ಬಿಟ್ಟು ಎರಡೂ ಕೈಯಲ್ಲಿ ಮರ ತಬ್ಬಿದೆ. ಅಂಗಿ ಹರಿಯಿತು, ಎದೆಯ ಚರ್ಮ ಸುಲಿಯಿತು. ನೆಲಕ್ಕೆ ಎಂಟು ಅಡಿ ಇದ್ದಾಗ, ಹಿಂದೆ ಯಾರೋ ಹತ್ತಲೆಂದು ಮರದಲ್ಲಿ ಕಡಿದಿದ್ದ ಕಚ್ಚಿಗೆ ಚಕ್ರ ಸಿಕ್ಕಿ ಯಂತ್ರ ಗಕ್ಕನೆ ನಿಂತಿತು.

ಸದ್ಯ, ಬದುಕಿದ್ದೆ!

ನಾನು ಜಿತೇಂದ್ರ. ಕೆಲಸ ಏನು ಅಂತೀರಾ? ಬಂದರಿನಲ್ಲಿ ಸಿಕ್ಕಿಬಿದ್ದ ಸರಕನ್ನು ಬಿಡಿಸುವುದು. ಸಿಕ್ಕಿಬೀಳಬೇಕಾದವರನ್ನು ಹಿಡಿಯುವುದು. ಈ ಸಲ ನನ್ನನ್ನು ಕರೆಸಿದ್ದು ನೆಕ್ರಾಜೆಯ ಗಂಗಕ್ಕ.

ಯಂತ್ರ ಅವಳದೇ. ಮನೆ ಹಿಂದಿನ ಶೆಡ್ಡಿನಲ್ಲಿ ತಾನೇ ಕೂತು ಮಾಡಿದ್ದು. ಮೊದಲು ಒಬ್ಬನೂ ಕೊಳ್ಳಲಿಲ್ಲ. "ಹೆಂಗಸು ಮಾಡಿದ ಮಿಷನ್ನಾ? ನಮಗೆ ಬೇಡಪ್ಪ!" ಅಂದರು. ಒಂದು ದಿನ ಸೆರಗು ಬಿಗಿದು, ಅಷ್ಟೂ ಜನರೆದುರು ತಾನೇ ಹತ್ತಿ ಇಳಿದಳು. ಆ ವಾರ ಹದಿನಾಲ್ಕು ಯಂತ್ರ ಹೋದವು! ಅಂದಿನಿಂದ ಎಲ್ಲೇ ಡೆಮೊ ಇರಲಿ, ಹತ್ತುವವಳು ಗಂಗಕ್ಕ.

ಇವತ್ತು ಹನ್ನೊಂದಕ್ಕೆ ಅಡೂರಿನಲ್ಲಿ ಡೆಮೊ. ನೋಡಲು ತಾಂಜಾನಿಯಾದಿಂದ ಜುಮಾ ಎಂಬ ವ್ಯಾಪಾರಿ ಬಂದಿದ್ದ. ಅವನು ಒಪ್ಪಿದರೆ ಅವಳ ಮೊದಲ ಎಕ್ಸ್‌ಪೋರ್ಟ್. ಆದರೆ ಮೂರು ದಿನದ ಹಿಂದೆ ಅವಳಿಗೊಂದು ಫೋನ್ ಬಂದಿತ್ತು.

"ಅಡೂರಿಗೆ ಹೋಗಬೇಡ. ಹೋದರೆ ನಡೆದುಕೊಂಡು ವಾಪಸ್ ಬರುವುದಿಲ್ಲ."

ಡೆಮೊಗೆ ಎರಡು ಯಂತ್ರ ರೆಡಿ ಇದ್ದವು. ಒಂದನ್ನು ಅವಳು ಒಯ್ದಿದ್ದಳು. ಉಳಿದದ್ದನ್ನು ನಾನು ಪರೀಕ್ಷಿಸಿದೆ... ಫಲ ನೋಡಿದಿರಲ್ಲ!

ಇಳಿದು ಬ್ರೇಕಿನ ನಟ್ ನೋಡಿದೆ. ಸಡಿಲ! ನಟ್ ಬಿಗಿದ ಮೇಲೆ ಗಂಗಕ್ಕ ಅದಕ್ಕೊಂದು ಕುಂಕುಮದ ಬೊಟ್ಟು ಇಡುತ್ತಾಳೆ. ಆಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ. ಈ ನಟ್ಟಿನಲ್ಲಿ ಕುಂಕುಮ ಅಳಿಸಿಹೋಗಿತ್ತು. ಅದೇ ಜಾಗದಲ್ಲಿ ನೀಟಾಗಿ ಇಟ್ಟ ಗಂಧದ ಬೊಟ್ಟು!

ಗಂಧ... ನನ್ನ ಹಣೆ ಮುಟ್ಟಿಕೊಂಡೆ. ಬೆಳಿಗ್ಗೆ ಗಂಗಕ್ಕನ ತಮ್ಮ ಶಿವಪ್ರಸಾದ, ಮಧೂರು ದೇವಸ್ಥಾನದ ಪ್ರಸಾದ ಅಂತ ಹಚ್ಚಿದ್ದ. ಮೂಸಿದೆ. ಕರ್ಪೂರ ಬೆರೆತ ಅದೇ ಪರಿಮಳ. ಶೆಡ್ಡಿನ ಇನ್ನೊಂದು ಬೀಗದಕೈ ಇದ್ದದ್ದು ಅವನ ಹತ್ತಿರ. ಎಕ್ಸ್‌ಪೋರ್ಟಿನ ಕಾಗದಪತ್ರ ನೋಡುವವನೂ ಅವನೇ.

ಈಗ ಗಂಗಕ್ಕನ ಜೊತೆ ಅಡೂರಿನಲ್ಲಿ ಇದ್ದವನೂ ಅವನೇ!

ಅವಳಿಗೆ ಫೋನ್ ಮಾಡಿದೆ. ಎತ್ತಿದ್ದು ಶಿವಪ್ರಸಾದ.

"ಅಕ್ಕನಿಗೆ ಕೊಡು."

"ಅವಳು ಬ್ಯುಸಿ ಇದ್ದಾಳೆ. ಎಂತ ವಿಷಯ?"

"ಬ್ರೇಕಿನ ನಟ್!"

ಅವನ ದನಿ ತಗ್ಗಿತು.

"ನೀನು ಅಲ್ಲಿಯೇ ಇರು ಮಾರಾಯ... ದಾರಿ ಒಳ್ಳೆಯದಿಲ್ಲ."

ಕಟ್.

ಬೈಕ್ ಹತ್ತಿದೆ. ಮುಳ್ಳೇರಿಯ ದಾಟುವಾಗ ಕನ್ನಡಿಯಲ್ಲಿ ಬಿಳಿ ಪಿಕಪ್ ಕಂಡಿತು. ಹತ್ತಿರ ಬಂತು... ಇನ್ನೂ ಹತ್ತಿರ... ಹಿಂದಿನ ಚಕ್ರಕ್ಕೆ ಗುದ್ದಿತು! ಬೈಕ್ ಓಲಾಡಿತು, ಬೀಳಲಿಲ್ಲ. ಎಡಕ್ಕೆ ಕೆಂಪುಕಲ್ಲು ಕಡಿದು ಆಳವಾದ ಕೋರೆ. ಅದರ ಅಂಚಿನಲ್ಲಿ ಒಬ್ಬ ನಡೆಯುವಷ್ಟು ಕಾಲುದಾರಿ. ನುಗ್ಗಿಸಿದೆ. ಪಿಕಪ್ಪಿನವನೂ ನುಗ್ಗಿಸಿದ. ಹಿಂದೆ ಬ್ರೇಕಿನ ಕಿರುಚಾಟ ಕೇಳಿ ತಿರುಗಿ ನೋಡಿದರೆ, ಅವನ ಮುಂದಿನ ಚಕ್ರ ಹೊಂಡದ ಮೇಲೆ ನೇತಾಡುತ್ತಿತ್ತು. ನಿಲ್ಲಲಿಲ್ಲ.

ಅಡೂರು ಮುಟ್ಟಿದಾಗ ಹನ್ನೊಂದು ಹತ್ತು. ಗಂಗಕ್ಕ ನಲವತ್ತು ಅಡಿ ಮೇಲಿದ್ದಳು! ಜನ ಚಪ್ಪಾಳೆ ಹೊಡೆಯುತ್ತಿದ್ದರು. ಅವಳ ಕೈ ಎಂಜಿನ್ನಿನ ಸ್ವಿಚ್ಚಿನತ್ತ ಹೋಗುತ್ತಿತ್ತು.

"ಗಂಗಕ್ಕಾ! ಎಂಜಿನ್ ನಿಲ್ಲಿಸಬೇಡ! ಬ್ರೇಕ್ ಇಲ್ಲ, ನಟ್ ಸಡಿಲ!"

ಕೈ ಅಲ್ಲೇ ನಿಂತಿತು.

ಎಂಜಿನ್ ಓಡುವವರೆಗೆ ಯಂತ್ರ ಮರ ಬಿಡುವುದಿಲ್ಲ; ಇಳಿಯಬೇಕಾದರೆ ಎಂಜಿನ್ ನಿಲ್ಲಿಸಿ ಬ್ರೇಕಿನ ಮೇಲೆಯೇ ಇಳಿಯಬೇಕು. ಆದರೆ ಟ್ಯಾಂಕಿನಲ್ಲಿ ಇದ್ದದ್ದು ಡೆಮೊಗೆ ಹಾಕಿದ ಕಾಲು ಲೀಟರ್. ಎಂಜಿನ್ ಆಗಲೇ ಕೆಮ್ಮತೊಡಗಿತ್ತು.

ಕಟ್ಟೆಯಲ್ಲಿ ಕೂತಿದ್ದ ಕುಂಞ ಎದ್ದ. ನಲವತ್ತು ವರ್ಷದಿಂದ ತೆಂಗಿನ ಮರ ಹತ್ತುವ ಮುದುಕ. ಈ ಯಂತ್ರ ಬಂದಮೇಲೆ ಅವನನ್ನು ಕರೆಯುವವರೇ ಕಡಿಮೆ.

"ಸ್ಪ್ಯಾನರ್ ಕೊಡಿ," ಅಂದ.

ಕಾಲಿಗೆ ಹಗ್ಗದ ತಳೆ ಸಿಕ್ಕಿಸಿ, ಸ್ಪ್ಯಾನರನ್ನು ಹಲ್ಲಿನಲ್ಲಿ ಕಚ್ಚಿ ಹತ್ತಿದ. ನಟ್ ಬಿಗಿದ.

"ಎಂತ ಅಕ್ಕ, ನಿಮ್ಮ ಮಿಷನ್ನಿಗೂ ನಾನೇ ಬೇಕಾಯ್ತಾ?"

ಅವನ ಮಾತು ಮುಗಿಯುವಾಗ ಎಂಜಿನ್ ತಾನಾಗಿ ನಿಂತಿತು. ಬ್ರೇಕ್ ಹಿಡಿಯಿತು!

ಗಂಗಕ್ಕ ಇಳಿದಳು. ಗೇಟಿನತ್ತ ಜಾರುತ್ತಿದ್ದ ಶಿವಪ್ರಸಾದನ ಕಾಲರ್ ನನ್ನ ಕೈಯಲ್ಲಿತ್ತು.

"ನಿನ್ನ ಮಿಷನ್ನಿನ ಡ್ರಾಯಿಂಗ್ ಒಂದು ಕಂಪೆನಿಗೆ ಕೊಟ್ಟಿದ್ದೇನೆ ಅಕ್ಕ... ಅವರು ಕಾಪಿ ಮಾಡಿದ್ದಾರೆ. ಆ ಫೋನು, ಪಿಕಪ್ ಎಲ್ಲ ಅವರದ್ದೇ. ಇದು ಫೇಲಾದರೆ ಜುಮಾ ಅದನ್ನು ತೆಗೊಳ್ತಾನೆ ಅಂತ..."

"ನಾನು ಬೀಳ್ತೇನೆ ಅಂತ ಗೊತ್ತಿತ್ತಾ ನಿನಗೆ?"

"ನಿನಗೆ ಎಂತದೂ ಆಗಬಾರದು ಅಂತಲೇ ಗಂಧ ಹಚ್ಚಿದ್ದು!"

ಗಂಗಕ್ಕ ಅವನ ಮುಖ ನೋಡಿದಳು. ನಟ್ಟಿನ ಗಂಧ ಒರೆಸಿ ಕುಂಕುಮ ಇಟ್ಟಳು. ಟ್ಯಾಂಕಿಗೆ ಪೆಟ್ರೋಲ್ ಹಾಕಿ ಇನ್ನೊಮ್ಮೆ ಹತ್ತಿದಳು. ಇಳಿದಾಗ ಜುಮಾ ಎರಡೂ ಕೈ ಚಾಚಿ ಅವಳ ಕೈ ಕುಲುಕಿದ.

ಇನ್ನು ನನ್ನ ಕೆಲಸ ಬಾಕಿ ಇತ್ತು.

"ಡ್ರಾಯಿಂಗ್ ಯಾರಿಗೆ ಕೊಟ್ಟೆ? ಹೆಸರು?"

"ಹೇಳಿದರೆ ನನ್ನನ್ನು ಬಿಡುವುದಿಲ್ಲ ಅವರು!"

ನಾನು ಸ್ಪ್ಯಾನರ್ ಎತ್ತಿದೆ. ಅದೇ ನಟ್ ಸಡಿಲಿಸಿದೆ. ಅವನ ಜೇಬಿನ ಪೊಟ್ಟಣದಿಂದ ಗಂಧ ತೆಗೆದು ನೀಟಾಗಿ ಹಚ್ಚಿದೆ. ಅವನನ್ನು ಸೀಟಿಗೆ ಕೂರಿಸಿ ಬೆಲ್ಟ್ ಬಿಗಿದೆ. ಎಂಜಿನ್ ಸ್ಟಾರ್ಟ್ ಮಾಡಿದೆ.

"ಹೋಗಿ ಬಾ ಮಾರಾಯ. ಪ್ರಸಾದ ಉಂಟಲ್ಲ!"

ಹೆಸರು, ಊರು, ಫೋನ್ ನಂಬರ್... ಎಲ್ಲ ಕೂಗಿ ಹೇಳಿದ.

ಅವನ ಭಕ್ತಿ ಎರಡು ಅಡಿ ಎತ್ತರಕ್ಕೂ ಸಾಲಲಿಲ್ಲ.