ಗೋಡೆಯ ಮೇಲೆ ಮೂಡದ ಕಥೆ

ಗೋಡೆಯ ಮೇಲೆ ಮೊದಲು ಒಂದು ಬೆಳಕಿನ ಚುಕ್ಕಿ ಮೂಡಿತು. ಅದರಿಂದ ಒಂದು ಗೆರೆ ಹೊರಟು ಎರಡಾಗಿ ಕವಲೊಡೆಯಿತು. ಎರಡು ನಾಲ್ಕಾಗಿ, ನಾಲ್ಕು ಹತ್ತಾಗಿ, ಮೂರೇ ನಿಮಿಷಗಳಲ್ಲಿ ಗೋಡೆಯ ತುಂಬ ಹುಣಸೆಮರದಂಥ ಆಕೃತಿಯೊಂದು ಹರಡಿಕೊಂಡಿತು. ತಲೆಗೆ ಜಾಲರಿಯ ಟೋಪಿ ತೊಟ್ಟು, ಕಣ್ಣು ಮುಚ್ಚಿ ಕುಳಿತಿದ್ದ ವಿದ್ಯಾಧರ ಹೂಲಿಯವರು ಇನ್ನೂ ಒಂದಕ್ಷರವನ್ನೂ ಬರೆಯದ ಕಾದಂಬರಿ ಅದು.

“ನಲವತ್ತೆರಡು ಸನ್ನಿವೇಶ,” ಎಂದರು ಡಾ. ಮೆಹಜಬೀನ್ ನದಾಫ್, ಗೋಡೆಯ ಅಂಚಿನ ಎಣಿಕೆ ನೋಡಿ.

“ಬರೋಬರಿ. ಮನ್ಯಾಗ ಪಟ್ಟಿ ಮಾಡಿಟ್ಟೇನಿ,” ಎಂದು ಹೂಲಿಯವರು ಕಣ್ಣು ತೆರೆಯದೆಯೇ ನಕ್ಕರು.

ಇದು ೨೦೫೮ರ ಧಾರವಾಡ. ನದಾಫ್ ನರವಿಜ್ಞಾನಿ, ಅವರು ರೂಪಿಸಿದ ಆ ಯಂತ್ರದ ಹೆಸರು ಕಥಾರೇಖ. ನಮ್ಮ ಮಿದುಳಿನ ಒಳಗೆ ಹಿಪೊಕ್ಯಾಂಪಸ್ ಎಂಬ, ಕಡಲಕುದುರೆಯ ಆಕಾರದ ಪುಟ್ಟ ಭಾಗವೊಂದಿದೆ. ನಡೆದುಹೋದದ್ದನ್ನು ನೆನೆಯುವಾಗ ಅಲ್ಲಿನ ಜೀವಕೋಶಗಳು ಒಂದರ ಹಿಂದೊಂದು ಮಿಡಿಯುತ್ತವೆ. ಇನ್ನೂ ನಡೆಯದಿರುವುದನ್ನು ಕಲ್ಪಿಸಿಕೊಳ್ಳುವಾಗಲೂ ಮಿಡಿಯುವುದು ಅಲ್ಲಿಯೇ. ನಿನ್ನೆಗೂ ನಾಳೆಗೂ ಮಿದುಳಿನಲ್ಲಿ ಒಂದೇ ಮನೆ. ಆ ಮಿಡಿತ ಹುಟ್ಟಿಸುವ ಅತಿ ಸೂಕ್ಷ್ಮ ಕಾಂತಕ್ಷೇತ್ರವನ್ನು ಟೋಪಿ ಹಿಡಿಯುತ್ತಿತ್ತು, ಯಂತ್ರ ಅದನ್ನು ಗೆರೆಗಳಾಗಿ ಗೋಡೆಗೆ ಬಿಡಿಸುತ್ತಿತ್ತು.

ಯಂತ್ರ ಹುಟ್ಟಿದ್ದು ಸಾಹಿತ್ಯಕ್ಕಲ್ಲ, ಮರೆವಿನ ರೋಗವನ್ನು ಮೊದಲ ಹಂತದಲ್ಲೇ ಗುರುತಿಸುವುದಕ್ಕೆ. ನೆನಪು ಅಳಿಯುತ್ತಿರುವವರಿಗೆ ನಾಳೆಯ ಚಿತ್ರವೂ ಮೂಡುವುದಿಲ್ಲ. ನಾಲ್ಕು ವರ್ಷಗಳಿಂದ ಕೆಲವು ಆಸ್ಪತ್ರೆಗಳಲ್ಲಿ ಅದು ಬಳಕೆಯಲ್ಲಿತ್ತು. ಪರೀಕ್ಷೆಗೆ ಬಂದವರನ್ನು ಕೇಳುತ್ತಿದ್ದುದು ಒಂದೇ: ‘ಮುಂದೆ ನೀವು ಮಾಡಲಿರುವ ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲೇ ನೋಡಿಕೊಳ್ಳಿ.’ ಗೋಡೆ ಕತ್ತಲಾಗಿಯೇ ಉಳಿದರೆ ಔಷಧ ಆರಂಭ. ಈಗ ನದಾಫ್ ಅವರಿಗೆ ತಮ್ಮ ಅಳತೆಗೋಲಿನ ಮೇಲ್ತುದಿಯನ್ನು ನಿಗದಿ ಮಾಡಬೇಕಿತ್ತು. ಕಲ್ಪನೆಯೇ ಕಸುಬಾಗಿರುವ ಕಾದಂಬರಿಕಾರರಿಗಿಂತ ಮೇಲಿನ ತುದಿ ಇನ್ನೇನಿದ್ದೀತು?

ಹೂಲಿಯವರ ನಂತರ ಕುರ್ಚಿಯಲ್ಲಿ ಕುಳಿತವರು ಇಂದುಮತಿ ಪತ್ತಾರ. ಐವತ್ತೊಂಬತ್ತರ ವಯಸ್ಸು, ಹನ್ನೊಂದು ಕಾದಂಬರಿ, ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದ ಅನುಭವ. ಈ ಇಬ್ಬರೂ ಹಳೆಯ ಸ್ನೇಹಿತರು, ಹಳೆಯ ಜಗಳಗಂಟರು ಕೂಡ. ಕೊನೆಯ ಸಾಲು ಗೊತ್ತಾಗದೆ ಹೂಲಿಯವರು ಮೊದಲ ಸಾಲು ಬರೆದವರಲ್ಲ. ಇಂದುಮತಿಯವರು ಎರಡನೆಯ ಸಾಲು ಗೊತ್ತಿದ್ದರೆ ಮೊದಲನೆಯದನ್ನೇ ಬರೆಯಲಾರೆ ಎನ್ನುತ್ತಿದ್ದರು.

“ರೊಟ್ಟಿ ಬಡಿಯೋ ಮುಂದ ಅಳತಿಪಟ್ಟಿ ಹಿಡೀತಾರೇನ್ರಿ? ಎಷ್ಟು ಬಡೀಬೇಕಂತ ಹಿಟ್ಟು ತಾನ ಹೇಳ್ತದ,” ಎಂಬುದು ಅವರ ವಾದ.

“ರೊಟ್ಟಿ ಹರಿದ್ರ ಮತ್ತ ಉಂಡಿ ಮಾಡಬಹುದು ಬಾಯಾರ. ಮುನ್ನೂರು ಪುಟ ಹರಿದ್ರ ಏನ್ ಮಾಡ್ತೀರಿ?” ಎಂಬುದು ಹೂಲಿಯವರ ಉತ್ತರ. ಅದು ಬರೀ ಮಾತಾಗಿರಲಿಲ್ಲ. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಅವರು ಹಂದರವಿಲ್ಲದೆ ಬರೆಯುತ್ತ ಹೋಗಿ, ದಾರಿ ತಪ್ಪಿ, ಮುನ್ನೂರು ಪುಟಗಳನ್ನು ಬಚ್ಚಲೊಲೆಗೆ ಹಾಕಿದ್ದರು. ಆ ದಿನದ ಬಿಸಿನೀರಿನಲ್ಲಿ ಸ್ನಾನ ಮಾಡಲು ಮನಸ್ಸಾಗಲಿಲ್ಲವೆಂದು ಈಗಲೂ ಹೇಳುತ್ತಿದ್ದರು.

“ನಿಮ್ಮ ಮುಂದಿನ ಕಾದಂಬರಿಯನ್ನ ಮನಸ್ಸಿನ್ಯಾಗ ನೋಡ್ಕೋರಿ ಮೇಡಂ,” ಎಂದರು ನದಾಫ್.

ಇಂದುಮತಿಯವರು ಕಣ್ಣು ಮುಚ್ಚಿದರು. ಗೋಡೆ ಕತ್ತಲಾಗಿತ್ತು. ಒಂದು ನಿಮಿಷ, ಮೂರು ನಿಮಿಷ, ಹತ್ತು ನಿಮಿಷ. ಎಲ್ಲೋ ಮೂಲೆಯಲ್ಲಿ ಒಂದು ಚುಕ್ಕಿ ಹೊಳೆದು ಆರಿಹೋಯಿತು.

“ಕರೆಂಟ್ ಹೋಗೇದೇನು?” ಎಂದು ಹೂಲಿಯವರು ತಮಾಷೆ ಮಾಡಿದರು. ನದಾಫ್ ಅವರ ಮುಖ ಬದಲಾದದ್ದನ್ನು ಕಣ್ಣು ತೆರೆದ ಇಂದುಮತಿ ನೋಡಿದರು.

“ಡಾಕ್ಟರ, ಹಿಂಗ ಕತ್ತಲಿ ಯಾರಿಗೆ ಬರ್ತದ?”

ನದಾಫ್ ಟೋಪಿಯ ಪಟ್ಟಿ ಬಿಚ್ಚತೊಡಗಿದರು.

“ನನಗ ಹೇಳ್ರಿ. ನಮ್ಮವ್ವ ಅರವತ್ತಕ್ಕ ನನ್ನ ಹೆಸರ ಮರೆತಿದ್ಲು. ನನ್ನನ್ನ ‘ಬಾಯಾರ’ ಅಂತ ಕರೀತಿದ್ಲು, ಯಾರೋ ಪಾಠ ಹೇಳಾಕ ಬಂದವರಂತ.”

“ಇದೊಂದ ಪರೀಕ್ಷಾದಿಂದ ಏನೂ ತೀರ್ಮಾನ ಮಾಡೂದು ಬ್ಯಾಡ,” ಎಂದರು ನದಾಫ್. “ರಕ್ತ, ನೆನಪು, ಸ್ಕ್ಯಾನ್ ಎಲ್ಲಾ ನೋಡೋಣು. ಒಂದು ವಾರ ಕೊಡ್ರಿ.”

ಆ ವಾರ ಇಂದುಮತಿಯವರು ಪೆನ್ನು ಮುಟ್ಟಲಿಲ್ಲ. ಹಾಲು ಒಲೆಯ ಮೇಲಿಟ್ಟು ಅದರ ಎದುರೇ ನಿಂತರು. ಹಳೆಯ ವಿದ್ಯಾರ್ಥಿಗಳ ಹೆಸರುಗಳನ್ನು ಹಾಜರಿಯ ಕ್ರಮದಲ್ಲಿ ಹೇಳಿಕೊಂಡರು. ಒಬ್ಬಳ ಅಡ್ಡಹೆಸರು ಸಿಗದೆ ಅರ್ಧ ದಿನ ಒದ್ದಾಡಿದರು. ನದಿಗಳು, ಉಪನದಿಗಳು, ಅವು ಸೇರುವ ಊರುಗಳು. ಎಲ್ಲವೂ ಇದ್ದವು. ಆದರೂ ಭಯ ಹೋಗಲಿಲ್ಲ. ಹನ್ನೊಂದು ಕಾದಂಬರಿಗಳನ್ನು ಕಪಾಟಿನಿಂದ ತೆಗೆದು ನೋಡಿದಾಗ, ಇವನ್ನೆಲ್ಲ ಬರೆದವಳು ಬೇರೆ ಯಾರೋ ಇರಬೇಕು ಅನ್ನಿಸಿತು.

ವಾರದ ನಂತರ ವರದಿಗಳು ಬಂದವು. ಎಲ್ಲವೂ ಸರಿಯಾಗಿದ್ದವು.

“ಹಂಗಾರ ಗೋಡಿ ಯಾಕ ಕಪ್ಪಾತು?”

“ಅದ ನನಗೂ ತಿಳೀವಲ್ದು ಮೇಡಂ,” ಎಂದು ನದಾಫ್ ಒಪ್ಪಿಕೊಂಡರು. “ರೋಗ ಇನ್ನೂ ಬಾಳ ಸಣ್ಣ ಹಂತದಾಗ ಇದ್ರ ಬ್ಯಾರೆ ಪರೀಕ್ಷಾಕ್ಕ ಸಿಗದನೂ ಇರಬಹುದು.”

ಜೊತೆಗೆ ಬಂದಿದ್ದ ಹೂಲಿಯವರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು.

“ನೀವು ಕೇಳಿದ ಪ್ರಶ್ನೇನ ತಪ್ಪು ಡಾಕ್ಟರ. ಮುಂದಿನ ಕಾದಂಬರಿ ನೋಡ್ಕೋರಿ ಅಂದ್ರಿ. ಈಕಿ ಜನ್ಮದಾಗ ಆ ಕೆಲಸ ಮಾಡಿಲ್ಲ. ಮೂವತ್ತು ವರ್ಷ ಬಡಕೊಂಡೇನಿ, ಒಂದ್ ಹಾಳ್ಯಾಗರ ಹಂದರ ಹಾಕ್ಕೋರಿ ಅಂತ. ಕೇಳಿಲ್ಲ. ಕೈಯಾಗ ಪೆನ್ನು ಕೊಟ್ಟು ನೋಡ್ರಿ.”

“ಬರಕೋತ ಕೂತ್ರ ಕೈ ಅಲುಗಾಡಿ ಸಂಕೇತ ಕೆಡ್ತದ ಸರ.”

“ಕೆಡವಲ್ದ್ಯಾಕ. ಕತ್ತಲಿಗಿಂತ ಕೆಟ್ಟದ್ದು ಏನು ಬರೂದದ?”

ನದಾಫ್ ಎರಡು ದಿನ ಕೂತು ಕೈಯ ಅಲುಗಾಟವನ್ನು ಸೋಸಿ ತೆಗೆಯುವ ಲೆಕ್ಕಕ್ರಮವನ್ನು ಯಂತ್ರಕ್ಕೆ ಸೇರಿಸಿದರು. ಮೂರನೆಯ ದಿನ ಬೆಳಿಗ್ಗೆ ಇಂದುಮತಿ ಮತ್ತೆ ಟೋಪಿ ತೊಟ್ಟರು. ಮಡಿಲಲ್ಲಿ ಹಲಗೆ, ಹಲಗೆಯ ಮೇಲೆ ಹಾಳೆ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವರು ಒಂದು ಸಾಲು ಬರೆದರು: ಗದಗಿನಲ್ಲಿ ಗಡಿಯಾರ ರಿಪೇರಿ ಮಾಡುವ ರಾಚವ್ವ ಸತ್ತುಹೋದ ಗಿರಾಕಿಯೊಬ್ಬನ ಗಡಿಯಾರವನ್ನು ಮರಳಿಸಲು ಅವನ ಮನೆ ಹುಡುಕುತ್ತ ಹೊರಟಳು.

ಗೋಡೆಯ ಮೇಲೆ ಒಂದು ಚುಕ್ಕಿ ಹೊತ್ತಿಕೊಂಡಿತು. ಈ ಸಲ ಆರಲಿಲ್ಲ.

ಎರಡನೆಯ ಸಾಲಿಗೆ ಇನ್ನೊಂದು. ಗೆರೆ ಒಂದು ಹೆಜ್ಜೆಯಷ್ಟೇ ಮುಂದೆ ಹೋಗುತ್ತಿತ್ತು, ನಿಲ್ಲುತ್ತಿತ್ತು, ಬರೆದ ಸಾಲು ಮುಗಿದಾಗ ಮತ್ತೊಂದು ಹೆಜ್ಜೆ ಇಡುತ್ತಿತ್ತು. ಇಂದುಮತಿಯವರ ಬೆನ್ನು ಗೋಡೆಗಿತ್ತು. ಅವರಿಗೆ ಇದೇನೂ ಕಾಣುತ್ತಿರಲಿಲ್ಲ. ರಾಚವ್ವ ಓಣಿ ದಾಟಿದಳು, ಬಾಗಿಲು ಬಡಿದಳು. ಇಂದುಮತಿಯವರ ಪೆನ್ನು ತಟ್ಟನೆ ನಿಂತಿತು.

“ಅಯ್ಯ! ಇಂವ ಸತ್ತಿಲ್ಲಲ್ಲ!” ಎಂದು ಅವರು ಗಟ್ಟಿಯಾಗಿ ಕೂಗಿದರು. “ಬಾಗಿಲಾ ತಗದಂವ ಅವನ ಅದಾನ!”

ಆ ಕ್ಷಣದಲ್ಲಿ ಇಡೀ ಗೋಡೆ ಬೆಳಗಿತು. ಹಿಂದೆ ಬಿಟ್ಟುಬಂದಿದ್ದ ಚುಕ್ಕಿಗಳಿಂದೆಲ್ಲ ಹೊಸ ಕವಲುಗಳು ಎದ್ದು, ಒಂದನ್ನೊಂದು ದಾಟಿ, ಮುಂದಕ್ಕೂ ಹಿಂದಕ್ಕೂ ಚಾಚಿಕೊಂಡವು. ಐವತ್ತು ನಿಮಿಷ ಕಳೆಯುವ ಹೊತ್ತಿಗೆ ಅಲ್ಲಿದ್ದದ್ದು ಹೂಲಿಯವರ ಮರಕ್ಕಿಂತ ಚಿಕ್ಕದೇನೂ ಆಗಿರಲಿಲ್ಲ.

“ಹೊಳ್ಳಿ ನೋಡ್ರಿ ಬಾಯಾರ,” ಎಂದರು ಹೂಲಿ. “ನನ್ನ ಹುಣಸಿಗಿಡದಂಗಿಲ್ಲ, ಜಾಲಿಮುಳ್ಳಿನ ಕಂಟಿ ಇದ್ದಂಗದ. ಆದ್ರೂ ಗಿಡನ.”

ಇಂದುಮತಿ ತಿರುಗಿ ನೋಡಿದರು. ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿಟ್ಟಂತಾಗಿ ಅಲ್ಲೇ ಕುಳಿತು ಅತ್ತರು, ಅಳುತ್ತಲೇ ನಕ್ಕರು. ಆಮೇಲೆ ಚಹಾ ಕೇಳಿದರು. ಹತ್ತು ದಿನಗಳಿಂದ ಚಹಾದ ರುಚಿಯೇ ಗೊತ್ತಾಗಿರಲಿಲ್ಲವಂತೆ.

ನದಾಫ್ ಮಾತ್ರ ನಗಲಿಲ್ಲ. ಅವರು ಗೋಡೆಯನ್ನೇ ನೋಡುತ್ತಿದ್ದರು.

“ನಾಕು ವರ್ಷದಾಗ ಇದ ಪ್ರಶ್ನೆ ಕೇಳಿದಾಗ ನೂರಾ ಎಂಬತ್ತಾರು ಮಂದಿಗೆ ಕತ್ತಲಿ ಬಂದದ,” ಎಂದರು ಮೆಲ್ಲಗೆ. “ಅಷ್ಟೂ ಮಂದಿಗೆ ರೋಗ ಅಂತ ಬರದೇನಿ.”

ಮರುದಿನದಿಂದಲೇ ಅವರು ಆ ನೂರ ಎಂಬತ್ತಾರು ಮಂದಿಯನ್ನು ಒಬ್ಬೊಬ್ಬರನ್ನಾಗಿ ಮತ್ತೆ ಕರೆಸಿದರು. ಮೊದಲು ಬಂದವರಲ್ಲಿ ಹುಬ್ಬಳ್ಳಿಯ ಫಕೀರವ್ವ ಒಬ್ಬಳು. ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುವವಳು. ರೋಗವೆಂದು ಗೊತ್ತಾದ ಮೇಲೆ ಮನೆಯವರು ಅವಳ ಕೈಯಿಂದ ಸೂಜಿ ಕತ್ತರಿ ಕಿತ್ತಿಟ್ಟಿದ್ದರು, ಒಲೆಯ ಹತ್ತಿರ ಸೇರಿಸುತ್ತಿರಲಿಲ್ಲ.

“ಆವತ್ತು ನಾ ಏನ್ ಕೇಳಿದ್ದೆ, ನೆನಪೈತೇನ್ ಯವ್ವಾ?” ಎಂದು ನದಾಫ್ ಕೇಳಿದರು.

“ನೆನಪಿಲ್ದ ಏನು? ಮುಂದ ಹೊಲಿಯೂ ಕೌದಿ ಹೆಂಗಿರತೈತಿ, ಕಣ್ಣ ಮುಚ್ಚಿ ನೋಡು ಅಂದ್ರಿ. ಅರಬಿ ತುಂಡು ಕೈಗೆ ಬರಲಾರದ ನಾ ಏನ್ ನೋಡ್ಲೆವ್ವಾ?”

ಅವಳ ಮಡಿಲಿಗೆ ಒಂದು ಗಂಟು ಬಟ್ಟೆ ಕೊಟ್ಟರು. ಫಕೀರವ್ವ ಒಂದು ಕೆಂಪು ತುಂಡನ್ನು ಆರಿಸಿ, ತೊಡೆಯ ಮೇಲೆ ಸವರಿ, ಅದರ ಪಕ್ಕಕ್ಕೆ ಹಸಿರು ಇಟ್ಟು ತೆಗೆದು ಹಳದಿ ಇಟ್ಟಳು. ಗೋಡೆ ಬೆಳಗಿತು. ಜೊತೆಗೆ ಬಂದಿದ್ದ ಸೊಸೆ ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತಳು.

ಎಲ್ಲರಿಗೂ ಹಾಗಾಗಲಿಲ್ಲ. ಹೆಚ್ಚಿನವರ ಗೋಡೆ ಕೈಗೆ ಕೆಲಸ ಕೊಟ್ಟಾಗಲೂ ಕತ್ತಲಾಗಿಯೇ ಇತ್ತು. ಅವರ ರೋಗ ನಿಜವಾಗಿತ್ತು. ಆದರೆ ನಲವತ್ತೊಂದು ಮಂದಿ ಔಷಧ ಬಿಟ್ಟು ಮನೆಗೆ ಹೋದರು. ಅವರಲ್ಲಿ ಪ್ರತಿಯೊಬ್ಬರ ಮನೆಗೂ ನದಾಫ್ ಹೋಗಿ ಕ್ಷಮೆ ಕೇಳಿದರು. ಬೈದವರಿದ್ದರು, ಊಟ ಬಡಿಸಿದವರಿದ್ದರು. ಹಳೆಯ ಪ್ರಶ್ನೆಯನ್ನು ಪರೀಕ್ಷೆಯಿಂದ ತೆಗೆಯಲಿಲ್ಲ, ಅದರಲ್ಲಿ ಬೆಳಗುವವರೂ ಇದ್ದರಲ್ಲ. ಅದರ ಜೊತೆಗೆ ಕೈಗೆ ಕೆಲಸ ಕೊಟ್ಟು ನೋಡುವುದನ್ನು ಕಡ್ಡಾಯ ಮಾಡಿದರು.

ಹೂಲಿಯವರ ಕಾದಂಬರಿ ಗೋಡೆಯ ಮೇಲೆ ಕಂಡಂತೆಯೇ, ಎರಡೇ ಸನ್ನಿವೇಶಗಳ ಬದಲಾವಣೆಯೊಂದಿಗೆ ಮುಗಿಯಿತು. ಓದಿದ ಇಂದುಮತಿಯವರಿಗೆ ಅದು ಸ್ವಲ್ಪ ಹೊಟ್ಟೆಕಿಚ್ಚು ಹುಟ್ಟಿಸುವಷ್ಟು ಚೆನ್ನಾಗಿತ್ತು. ಅವರ ಕಾದಂಬರಿ ಇನ್ನೂ ನಡೆಯುತ್ತಿತ್ತು. ಸಾಯದ ಗಿರಾಕಿ ಊರು ಬಿಟ್ಟಿದ್ದ.

ಕಥಾರೇಖ ನಮ್ಮ ನಡುವೆ ಬರಲು ಇನ್ನೂ ಕೆಲವು ದಶಕಗಳು ಬೇಕು. ಆದರೆ ಅದರ ಹಳೆಯ ಪ್ರಶ್ನೆ ಆಗಲೇ ಬಂದು ಕುಳಿತಿದೆ. ಪ್ರಬಂಧ ಬರೆಯುವ ಹುಡುಗಿಗೆ ಮೊದಲು ಮುಖ್ಯಾಂಶ ಬರೆ ಎನ್ನುತ್ತೇವೆ. ಕೆಲಸ ಕೇಳಿಕೊಂಡು ಬಂದವನಿಗೆ ಐದು ವರ್ಷದ ನಂತರ ಎಲ್ಲಿರುತ್ತೀ ಹೇಳು ಎನ್ನುತ್ತೇವೆ. ಕೆಲವರು ಪಟಪಟನೆ ಹೇಳುತ್ತಾರೆ, ಹೇಳಿದಂತೆ ಮಾಡಿಯೂ ತೋರಿಸುತ್ತಾರೆ. ಇನ್ನು ಕೆಲವರು ತಲೆ ತಗ್ಗಿಸಿ ಸುಮ್ಮನೆ ನಿಲ್ಲುತ್ತಾರೆ. ಹಾಗೆ ನಿಂತವರ ಹೆಸರಿನ ಮುಂದೆ ನಾವು ಇವತ್ತು ಏನೆಂದು ಬರೆದುಕೊಂಡೆವು?