ಎಣಿಕೆ ತಪ್ಪಿಸಿದ ಆಕಳಿಕೆ

"ಹೊರಡೋದಾದ್ರೆ ಹೊರಡು. ಆದ್ರೆ ಈ ಸ್ಟೇರಿಂಗ್ ನಂಬ್ಕೊಂಡು ಬೇಡ," ಎಂದರು ನಮ್ಮವರು, ಶರ್ಟಿನ ತೋಳು ಮಡಚುತ್ತಾ.

ನಾನು ಆಗಷ್ಟೇ ಆಸ್ಪತ್ರೆಯ ರಾತ್ರಿ ಡ್ಯೂಟಿ ಮುಗಿಸಿ ಬಂದಿದ್ದೆ. ಬ್ಯಾಗ್ ಆಗಲೇ ಕಾರಿನ ಹಿಂದಿನ ಸೀಟಿನಲ್ಲಿತ್ತು. ಅಕ್ಕನ ಮನೆಗೆ ಹೋಗುತ್ತೇನೆ, ಯಾವಾಗ ಬರುತ್ತೇನೋ ಗೊತ್ತಿಲ್ಲ ಎಂದು ಹಿಂದಿನ ದಿನವೇ ಹೇಳಿಯಾಗಿತ್ತು. ಜಗಳವೇನೂ ಇಲ್ಲ. ಜಗಳಕ್ಕಾದರೂ ಇಬ್ಬರೂ ಒಂದು ಕಡೆ ಇರಬೇಕಲ್ಲ? ಪ್ರೆಸ್ಸಿನಲ್ಲಿ ಅವರದು ಹಗಲು ಕೆಲಸ, ನನ್ನದು ರಾತ್ರಿ. ಬಾಗಿಲಲ್ಲಿ ಬೀಗದ ಕೈ ಕೊಟ್ಟು ತೆಗೆದುಕೊಳ್ಳುವುದಕ್ಕೇ ಸಂಸಾರ ಅನ್ನುವುದಾದರೆ ನಮ್ಮದು ಸುಖೀ ಸಂಸಾರ. ನನಗೆ ಸಾಕಾಗಿತ್ತು.

ಹೋಗಬೇಡ ಅನ್ನಲಿ ಎಂದು ಕಾದೆ. ಅವರು ಪ್ರೆಸ್ಸಿಗೆ ಹೊರಡುವುದು ಬಿಟ್ಟು ಒಳಗೆ ಹೋಗಿ ಜಾಕ್ ತಂದರು.

ನಮ್ಮ ಹಳೇ ಕಾರು ಈಚೆಗೆ ಹೇಳಿದ ಮಾತು ಕೇಳುತ್ತಿರಲಿಲ್ಲ. ಸ್ಟೇರಿಂಗ್ ತಿರುಗಿಸಿದರೆ ಚಕ್ರ ಸ್ವಲ್ಪ ಯೋಚನೆ ಮಾಡಿ ಆಮೇಲೆ ತಿರುಗುತ್ತಿತ್ತು. ಚಕ್ರವನ್ನು ಎಳೆದು ತಿರುಗಿಸುವ ಸರಳಿನ ತುದಿ, ಟೈ ರಾಡ್ ಎಂಡ್, ಸವೆದಿದೆಯಂತೆ. ಹೊಸದನ್ನು ಯಾವಾಗ ತಂದಿಟ್ಟಿದ್ದರೋ, ನನಗೆ ಗೊತ್ತೇ ಇರಲಿಲ್ಲ.

"ಒಳಗೆ ಕೂತು ಸ್ಟೇರಿಂಗ್ ನೆಟ್ಟಗೆ ಹಿಡ್ಕೋ. ಅಲ್ಲಾಡಿಸ್ಬೇಡ."

ಬಲಗಡೆ ಚಕ್ರ ಬಿಚ್ಚಿದರು. ಕಚ್ಚಿಕೊಂಡಿದ್ದ ತುದಿಗೆ ಸುತ್ತಿಗೆಯ ಏಟು ಬಿದ್ದಾಗಲೆಲ್ಲ ನನ್ನ ಅಂಗೈ ಜುಮ್ಮೆನ್ನುತ್ತಿತ್ತು. ಕಿಟಕಿಯಿಂದ ಬಗ್ಗಿ ನೋಡಿದೆ. ಅವರ ಕಿವಿಯ ಪಕ್ಕ ಬಿಳಿ ಕೂದಲು. ಯಾವಾಗ ಬಂದವೋ! ತಟ್ಟನೆ ತಲೆ ಎತ್ತಿದರು. ಸಿಕ್ಕಿಬಿದ್ದೆ.

"ಏನು?"

"ಮೂಗಿಗೆ ಗ್ರೀಸ್ ಹತ್ತಿದೆ."

"ಇರ್ಲಿ ಬಿಡು. ನಾಳೆಯಿಂದ ನೋಡೋರು ಯಾರು?"

ನಾನು ಮುಖ ತಿರುಗಿಸಿಕೊಂಡೆ.

ಹಳೆಯದನ್ನು ಬಿಚ್ಚುವಾಗ ಎಷ್ಟು ಸುತ್ತು ಬಂತೋ ಹೊಸದನ್ನೂ ಅಷ್ಟೇ ಸುತ್ತು ಹಾಕಬೇಕಂತೆ, ಹೆಚ್ಚುಕಡಿಮೆಯಾದರೆ ಚಕ್ರ ಓರೆ. ಅವರು ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಗಟ್ಟಿಯಾಗಿ ಎಣಿಸುತ್ತಿದ್ದರು. ಇಡೀ ರಾತ್ರಿಯ ನಿದ್ದೆ ನನ್ನ ಕಣ್ಣಿಗೆ ಬಂದು ಕೂತಿತ್ತು. ದವಡೆ ಕಳಚುವಂತೆ ಆಕಳಿಸಿದೆ. ಕೆಳಗೆ ಎಣಿಕೆ ನಿಂತು ಒಂದು ಉದ್ದನೆಯ ಆಕಳಿಕೆ ಕೇಳಿಸಿತು. ಆಮೇಲೆ ಮತ್ತೆ ಎಣಿಕೆ.

ಎಲ್ಲ ಬಿಗಿದ ಮೇಲೆ, ನೋಡೋಣವೆಂದು ನಿಧಾನವಾಗಿ ಬೀದಿಯ ಕೊನೆಯವರೆಗೆ ಹೋಗಿಬಂದೆವು. ಅವರು ಪಕ್ಕದಲ್ಲಿ ಕೂತಿದ್ದರು.

"ರೀ, ಗಾಡಿ ನೆಟ್ಟಗೆ ಹೋಗ್ತಿದೆ. ಸ್ಟೇರಿಂಗ್ ಮಾತ್ರ ಸೊಟ್ಟ ನಿಂತಿದೆ."

"ಎಣಿಕೆ ತಪ್ತು."

ಮನೆ ಮುಂದೆ ನಿಲ್ಲಿಸಿದೆ. "ಬೇಕು ಅಂತ ತಪ್ಪಿಸಿದ್ರಾ?"

"ನಿನ್ನ ತಡೀಬೇಕು ಅಂತಿದ್ದಿದ್ರೆ ರಿಪೇರಿಗೇ ಕೈ ಹಾಕ್ತಿರ್ಲಿಲ್ಲ. ರಾತ್ರಿಯೆಲ್ಲ ನಿದ್ದೆ ಇರ್ಲಿಲ್ಲ, ನೀನು ಆಕಳಿಸ್ದೆ, ನಂಗೂ ಬಂತು. ಎಲ್ಲಿದ್ದೆ ಅನ್ನೋದೇ ಮರೆತೋಯ್ತು. ನಾಳೆ ಗ್ಯಾರೇಜಲ್ಲಿ ಚಕ್ರದ ಅಲೈನ್‌ಮೆಂಟ್ ಮಾಡಿಸ್ಕೊಂಡು ಹೊರಡು."

ನನಗೆ ಅಳುವೇ ಬಂತು. "ಹೋಗ್ಬೇಡ ಅನ್ನೋಕೆ ಬಾಯೇ ಬರಲ್ವಾ ನಿಮಗೆ?"

ಅವರು ಬಟ್ಟೆಯಿಂದ ಬೆರಳು ಒರೆಸುತ್ತಲೇ ಇದ್ದರು. "ಯಾವ ಬಾಯಲ್ಲಿ ಹೇಳ್ಲಿ? ಮನೇಲಿದ್ರೂ ನಾನು ನಿಂಗೆ ಸಿಗಲ್ಲ. ದಾರೀಲಿ ನಿಂಗೇನೂ ಆಗ್ಬಾರ್ದು, ಅಷ್ಟು ಮಾತ್ರ ನನ್ನ ಕೈಲಿತ್ತು." ಬಟ್ಟೆ ಕೆಳಗಿಟ್ಟು, "ಹೋಗ್ಬೇಡ ಕಣೇ. ನೀನಿಲ್ದೆ ನನ್ ಕೈಲಿ ಆಗಲ್ಲ," ಎಂದರು.

ಉತ್ತರ ಕೊಡಲು ಬಾಯಿ ತೆರೆದೆ. ಹಾಳು ಆಕಳಿಕೆ ಬಂತು. ಅವರಿಗೂ ಬಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು.

"ನಾಳೇನೂ ರಜೆ ಹಾಕಿ," ಎಂದೆ. "ಗಾಡಿ ಸರಿ ಮಾಡಿಸ್ಕೊಂಡು ಅಕ್ಕನ ಮನೆಗೆ ಇಬ್ರೂ ಹೋಗೋಣ. ಸಂಜೆ ಇಬ್ರೂ ವಾಪಸ್. ಆಮೇಲೆ ನಾನು ಹಗಲು ಡ್ಯೂಟಿ ಕೇಳ್ತೀನಿ."

"ಕೊಡ್ದಿದ್ರೆ?"

"ನೀವು ರಾತ್ರಿ ಪಾಳಿ ಕೇಳಿ."

ಅವರು ಹ್ಞೂಂ ಎಂದರು. ಇಳಿದು ಬಾಗಿಲು ತೆಗೆಯುವಷ್ಟು ತ್ರಾಣ ಇಬ್ಬರಲ್ಲೂ ಇರಲಿಲ್ಲ. ಸೀಟು ಹಿಂದಕ್ಕೆ ಬಾಗಿಸಿಕೊಂಡೆವು. ಗ್ರೀಸಿನ ಕೈ ನನ್ನ ಕೈ ಹಿಡಿಯಲು ಅನುಮಾನಿಸಿತು. ನಾನೇ ಹಿಡಿದುಕೊಂಡೆ.

ಎಷ್ಟೋ ಕಾಲದ ಮೇಲೆ ನಾವಿಬ್ಬರೂ ಒಂದೇ ಹೊತ್ತಿಗೆ ನಿದ್ದೆ ಹೋದೆವು.